ಮನಿಯಾರ್ಡರಿನ ರಸೀತಿಯೂ ಮೊಬೈಲಿನ ಸಂದೇಶವೂ

ತಿಂಗಳ ಮೊದಲ ವಾರದಲ್ಲಿ ಕಾಚಿಗೂಡದ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ಕನ್ನಡಿಗರಿಗೆ ತಪ್ಪದೆ ಇರತಕ್ಕ ಕೆಲಸವೆಂದರೆ ಊರಿಗೆ ಹಣ ಕಳುಹಿಸುವುದು. ಕುಂದಾಪುರದವರಾಗಲಿ, ಬೀದರಿನವರಾಗಲಿ, ಇದಕ್ಕಾಗಿ ಅಂಚೆಕಚೇರಿಯ ಮೆಟ್ಟಿಲನ್ನು ಹತ್ತುವವರು ಈಗ ವಿರಳ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಕೈಯೊರಸಿಕೊಂಡು ಮೊಬೈಲಿನ ಮೇಲೆ ನಾಲ್ಕು ಬಾರಿ ಬೆರಳಾಡಿಸಿದರೆ ಹಣ ಊರು ಸೇರಿತು. 2016ರಲ್ಲಿ ಯುಪಿಐ ಪದ್ಧತಿ ಬಂದ ತರುವಾಯ ಇದಕ್ಕೆ ಕಾಯುವ ತೊಂದರೆಯೂ ಇಲ್ಲ, ಕಮಿಷನ್ನಿನ ಖರ್ಚೂ ಇಲ್ಲ. ಹೀಗಿರುವಲ್ಲಿ ಅಂಚೆ ಇಲಾಖೆಯಿಂದ ನಮಗೆ ಆಗಬೇಕಾದುದೇನು ಎಂದು ಕೇಳುವವರು ಹಲವರು. ಪ್ರಶ್ನೆಯು ಸಹಜವಾದುದೇ. ಆದರೆ ಹಣ ಊರು ಸೇರಿತೆಂಬುದು ಬೇರೆ, ಯಾರ ಕೈ ಸೇರಿತೆಂಬುದು ಬೇರೆ.

ನಮ್ಮ ದೇಶದಲ್ಲಿ 1880ರಲ್ಲಿ ಆರಂಭವಾದ ಮನಿಯಾರ್ಡರಿನಲ್ಲಿ ಒಂದು ಗುಣವಿದ್ದಿತು. ಫಾರಮಿನ ಮೇಲೆ ತಾಯಿಯ ಹೆಸರಿದ್ದರೆ ಅಂಚೆಯವನು ಹಣವನ್ನು ತಾಯಿಯ ಕೈಯಲ್ಲಿಯೇ ಎಣಿಸಿ ಕೊಡಬೇಕು. ಓದುಬರಹ ಬಾರದ ತಾಯಿಯಾದರೆ ಹೆಬ್ಬೆಟ್ಟಿನ ಗುರುತು. ಆ ಗುರುತನ್ನು ಹೊತ್ತ ರಸೀತಿಯು ಹಲವು ದಿನಗಳ ಮೇಲೆ ಕಾಚಿಗೂಡಕ್ಕೆ ಮರಳಿ ಬರುತ್ತಿತ್ತು. ಫಾರಮಿನ ಕೆಳಭಾಗದ ಕೂಪನ್ನಿನಲ್ಲಿ ಎರಡು ಸಾಲು ಬರೆಯಲು ಸ್ಥಳವಿದ್ದಿತು. ‘ಔಷಧ ತಪ್ಪಿಸಬೇಡ, ದೀಪಾವಳಿಗೆ ಬರುವೆ’ ಎಂದು ಮಗನು ಬರೆದುದನ್ನು ಅಂಚೆಯಣ್ಣನೇ ಓದಿ ಹೇಳುತ್ತಿದ್ದನು. ಮೊಬೈಲಿನ ಹಣವಾದರೋ, ಊರಿನಲ್ಲಿ ಮೊಬೈಲು ಯಾರ ಜೇಬಿನಲ್ಲಿದೆಯೋ ಅವರಿಗೆ ಸೇರುತ್ತದೆ. ತಮ್ಮಂದಿರೂ ಅಳಿಯಂದಿರೂ ಕೆಟ್ಟವರೆಂದು ನಾವು ಹೇಳುತ್ತಿಲ್ಲ. ಆದರೂ ಮಗ ಕಳುಹಿಸಿದ ಹಣಕ್ಕಾಗಿ ಎಪ್ಪತ್ತರ ಮುದುಕಿಯು ಮತ್ತೊಬ್ಬರನ್ನು ಬೇಡಬೇಕಾಗಿ ಬಂದರೆ ಅದು ಪ್ರಗತಿಯೆನಿಸಲಾರದು.

ಅಂಚೆಯು ಕಾಲಕ್ಕೆ ತಕ್ಕಂತೆ ಬದಲಾಗಲಾರದೆಂಬ ಮಾತು ಈ ಹೈದರಾಬಾದಿನಲ್ಲಂತೂ ಸಲ್ಲದು. 1869ರಿಂದ ನಿಜಾಮರಿಗೆ ತಮ್ಮದೇ ಅಂಚೆಚೀಟಿಗಳಿದ್ದುವು. ಅವು ಸಂಸ್ಥಾನದ ಎಲ್ಲೆಯನ್ನು ದಾಟಿ ನಡೆಯುತ್ತಿರಲಿಲ್ಲ. ರಾಯಚೂರು, ಗುಲಬರ್ಗಾಗಳಿಗೆ ಒಂದು ಅಂಚೆ; ಮದರಾಸು ಪ್ರಾಂತಕ್ಕೆ ಸೇರಿದ್ದ ಉಡುಪಿಗೆ ಮತ್ತೊಂದು. ಮೇಲಾಗಿ ಇಲ್ಲಿಯ ಏಳು ಹಾಲಿ ರೂಪಾಯಿಗಳು ಅಲ್ಲಿಯ ಆರಕ್ಕೆ ಸಮ! ಆ ಗೋಜಲೆಲ್ಲ ತೀರಿ, 1950ರಲ್ಲಿ ಸಂಸ್ಥಾನದ ಅಂಚೆಯು ದೇಶದ ಅಂಚೆಯಲ್ಲಿ ಲೀನವಾಯಿತು. ಆಮೇಲೆ ಬಂದುವೂ ಹಲವು, ಹೋದುವೂ ಹಲವು. 1972ರಲ್ಲಿ ಪಿನ್‌ಕೋಡ್ ಬಂದು ಕಾಚಿಗೂಡವು 500027 ಆಯಿತು. ತಂತಿಯ ಸೇವೆಯು 2013ರ ಜುಲೈಯಲ್ಲಿ ನಿಂತಿತು. ರಿಜಿಸ್ಟರ್ ಟಪ್ಪಾಲನ್ನು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ಟರು.

ಪರದೇಶದ ಒಂದು ಉದಾಹರಣೆಯನ್ನು ಇಲ್ಲಿ ನೋಡಬಹುದು. ಡೆನ್ಮಾರ್ಕಿನಲ್ಲಿ 1624ರಿಂದ ನಡೆದುಬಂದಿದ್ದ ಕಾಗದ ಹಂಚುವ ಕಾರ್ಯವನ್ನು ಅಲ್ಲಿಯ ರಾಷ್ಟ್ರೀಯ ಅಂಚೆಯು 2025ರೊಡನೆ ಮುಗಿಸಿತು. ಅಲ್ಲಿ ಸರಕಾರದ ಪತ್ರಗಳೇ ಬಹು ವರ್ಷಗಳಿಂದ ವಿದ್ಯುನ್ಮಾನದ ಪೆಟ್ಟಿಗೆಗೆ ಬರುತ್ತಿರುವುದರಿಂದ ಅಂಚೆಪೆಟ್ಟಿಗೆಗಳು ಬರಿದಾಗಿದ್ದುವು. ನಮ್ಮಲ್ಲಿ ಒಂದೂವರೆ ಲಕ್ಷಕ್ಕೂ ಮಿಕ್ಕ ಅಂಚೆಕಚೇರಿಗಳಿವೆ. ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲಿವೆ. ಕಾಗದ ಕಡಿಮೆಯಾಯಿತೆಂದು ಇವನ್ನು ಮುಚ್ಚುವುದಲ್ಲ, ಇವುಗಳಿಗೆ ತಕ್ಕ ಕೆಲಸವನ್ನು ಕೊಡುವುದು ವಿವೇಕ.

ಅಂಥ ಕೆಲಸದ ಆರಂಭವು ಆಗಿಯೂ ಇದೆ. 2018ರ ಸೆಪ್ಟೆಂಬರ್ 1ರಂದು ಉದ್ಘಾಟನೆಗೊಂಡ ಅಂಚೆಯ ಪೇಮೆಂಟ್ಸ್ ಬ್ಯಾಂಕಿನ ಮೂಲಕ ಅಂಚೆಯವನು ಒಂದು ಪುಟ್ಟ ಯಂತ್ರವನ್ನು ಹಿಡಿದು ಮನೆಬಾಗಿಲಿಗೆ ಬರುತ್ತಾನೆ. ಆಧಾರ್ ಜೋಡಣೆಯಾಗಿದ್ದರೆ ಯಾವ ಬ್ಯಾಂಕಿನ ಖಾತೆಯಿಂದಲಾದರೂ ಬೆರಳೊತ್ತಿ ಹಣ ಪಡೆಯಬಹುದು. ಉಡುಪಿಯ ಕಡೆಯವರಿಗೆ ಇದೇನೂ ಹೊಸದಲ್ಲ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿಯೇ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆಮನೆಯಿಂದ ಕೂಡಿಸಿತ್ತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಉಪಾಯವನ್ನು ಮಾತ್ರ ಇಂದು ಅಂಚೆಯವನು ಹೆಗಲ ಚೀಲದಲ್ಲಿ ಹೊತ್ತಿದ್ದಾನೆ. ಬೀಡಿ ಕಟ್ಟಿ, ನಾಟಿ ನೆಟ್ಟು ಸವೆದ ಬೆರಳುಗಳನ್ನು ಯಂತ್ರವು ಗುರುತಿಸದೆ ಹಿಂದೆಗೆಯುವುದುಂಟು. ಇದಕ್ಕಾಗಿ 2025ರಲ್ಲಿ ಮುಖವನ್ನು ನೋಡಿ ಗುರುತಿಸುವ ಕ್ರಮವನ್ನೂ ತಂದಿದ್ದಾರೆ.

ಆದರೆ ಇಷ್ಟರಿಂದ ಕಾಚಿಗೂಡದ ಮಗನಿಗೂ ಊರಿನ ತಾಯಿಗೂ ನಡುವಣ ಸರಪಳಿಯು ಕೂಡಿದಂತಾಗಲಿಲ್ಲ. ಹಣವನ್ನು ಹೊತ್ತೊಯ್ಯುವುದರಲ್ಲಿ ಅಂಚೆಯು ಮೊಬೈಲಿನೊಡನೆ ಸ್ಪರ್ಧಿಸಬೇಕಾಗಿಲ್ಲ. ಇಪ್ಪತ್ತು ರೂಪಾಯಿಗೊಂದರಂತೆ, ಐದು ಸಾವಿರಕ್ಕೆ 250 ರೂಪಾಯಿ ಕಮಿಷನ್ ತೆತ್ತ ಕಾಲವನ್ನು ಯಾರೂ ಮರಳಿ ಬಯಸರು. ಹಣವನ್ನು ತಂತಿಲ್ಲದ ತಂತಿಯೇ ಒಯ್ಯಲಿ. ಊರಿನ ಅಂಚೆಕಚೇರಿಯಿಂದ ತಾಯಿಯ ಜಗಲಿಯವರೆಗಿನ ನಡಿಗೆಗೆ ಮಾತ್ರ ಅಂಚೆಯು ಕೂಲಿ ಕೇಳಲಿ. ಇಲ್ಲಿಂದಲೇ ಮೊಬೈಲಿನಲ್ಲಿ ‘ಇಂಥವರ ಕೈಗೆ, ಇಂಥ ದಿನ’ ಎಂದು ಅಪ್ಪಣೆಯಿತ್ತರೆ ಅಲ್ಲಿ ಅಂಚೆಯವನು ಹೊರಡುವಂತಾಗಬೇಕು. ಕೊಟ್ಟ ಮೇಲೆ ರಸೀತಿಯ ಬದಲು ತಾಯಿಯ ಎರಡು ಮಾತುಗಳು ಧ್ವನಿಯಾಗಿ ಮರಳಿ ಬರಬೇಕು. ಅಚ್ಚಾದ ಸಂದೇಶಗಳ ಪಟ್ಟಿಯಿಂದ ಒಂದನ್ನು ಆರಿಸಿಕೊಳ್ಳಿರೆಂದರೆ ಅದು ಮಗನ ಮಾತಾಗದು. ಕನ್ನಡದಲ್ಲಿಯೇ ಬರೆಯಲು ಅವಕಾಶವಿರಬೇಕು. ಇದು ಕನಸಲ್ಲ. ಫ್ರಾನ್ಸಿನ ಅಂಚೆಯು 2017ರಿಂದ ವೃದ್ಧರ ಮನೆಗೆ ಅಂಚೆಯವನನ್ನು ಕಳುಹಿಸಿ, ಅವರ ಕ್ಷೇಮಸಮಾಚಾರವನ್ನು ದೂರದ ಮಕ್ಕಳಿಗೆ ಮೊಬೈಲಿನಲ್ಲಿ ಮುಟ್ಟಿಸುವ ಸೇವೆಯನ್ನು ಶುಲ್ಕಕ್ಕೆ ನಡೆಸುತ್ತಿದೆ.

ನಮ್ಮವರ ಜಾಣ್ಮೆಯು ಕಡಿಮೆಯೇನಲ್ಲ. 2025ರಲ್ಲಿ ಅಂಚೆ ಇಲಾಖೆಯು ಹೈದರಾಬಾದಿನ ಐಐಟಿ ಮತ್ತು ಇಸ್ರೋದ ದೂರಸಂವೇದಿ ಕೇಂದ್ರಗಳ ನೆರವಿನಿಂದ ಡಿಜಿಪಿನ್ ಎಂಬ ಹೊಸ ವಿಳಾಸಕ್ರಮವನ್ನು ಹೊರತಂದಿತು. ಅದು ದೇಶದ ಯಾವ ಮನೆಯನ್ನೇ ಆಗಲಿ ಸುಮಾರು ನಾಲ್ಕು ಮೀಟರಿನ ಚೌಕದೊಳಗೆ ತೋರಿಸಿಕೊಡಬಲ್ಲುದು. ಆ ಚೌಕದೊಳಗೆ ಹಣವು ಯಾರಿಗೆ ಸಲ್ಲಬೇಕೆಂಬುದನ್ನು ಬಲ್ಲವನು ಅಂಚೆಯವನೇ.

ಇಲಾಖೆಯು ಇದನ್ನೆಲ್ಲ ಮಾಡುವವರೆಗೆ ನಮ್ಮ ಕೈಯಲ್ಲಿ ಆಗತಕ್ಕದ್ದೂ ಒಂದಿದೆ. ಕಾಚಿಗೂಡದಿಂದ ಮುರುಡೇಶ್ವರಕ್ಕೆ ಓಡುವ ಗಾಡಿಯಲ್ಲಿ ಹಬ್ಬಕ್ಕೆಂದು ಊರಿಗೆ ಹೋದವರು, ಅಂಚೆಯವನನ್ನು ಮನೆಗೆ ಕರೆದು ತಾಯಿಯ ಹೆಸರಿನಲ್ಲಿಯೇ ಖಾತೆಯನ್ನು ತೆರೆಯಿಸಬೇಕು. ಬೆರಳೊತ್ತಿದಾಗಲೆಲ್ಲ ಚೀಟಿ ಕೇಳಿ ಪಡೆಯಲು ಆಕೆಗೆ ತಿಳಿಸಬೇಕು. ಖಾತೆಯ ಅರ್ಜಿಯಲ್ಲಿ ಯಾರ ಮೊಬೈಲ್ ಸಂಖ್ಯೆಯನ್ನು ಬರೆಯುತ್ತಾರೆಂಬುದನ್ನು ಬಳಿಯಲ್ಲಿ ನಿಂತು ನೋಡಬೇಕು. ಹಣ ಬಂದ, ಹೋದ ಸಂದೇಶಗಳೆಲ್ಲ ಆ ಸಂಖ್ಯೆಗೇ ಬರುವುವು.