ಸ್ತನ ತೆಗೆಯುವ ರೋಬೋಟಿಕ್ ಸರ್ಜರಿ: ಒಪ್ಪೋ ಮುಂಚೆ ಕೇಳಬೇಕಾದ ಪ್ರಶ್ನೆಗಳು

ದೊಡ್ಡ ಊರುಗಳ ಆಸ್ಪತ್ರೆ ಜಾಹೀರಾತುಗಳಲ್ಲಿ ‘ರೋಬೋಟಿಕ್’ ಅನ್ನೋ ಪದ ಈಗ ತುಂಬಾ ಕಾಣ್ತಾ ಇದೆ. ಅದಕ್ಕೇ ಇವತ್ತು ರೋಬೋಟಿಕ್ ಮಾಸ್ಟೆಕ್ಟಮಿ, ಅಂದ್ರೆ ರೋಬೋಟ್ ನೆರವಿನಿಂದ ಸ್ತನ ತೆಗೆಯೋ ಸರ್ಜರಿ ಬಗ್ಗೆ ಮಾತಾಡ್ತೀನಿ.

ಇದು ನಮ್ಮ ಆಫೀಸಿನ ಆಟೋಮೇಶನ್ ಥರ ಅಲ್ಲ. ರೋಬೋಟ್ ತಾನಾಗಿ ಏನೂ ಕೊಯ್ಯೋದಿಲ್ಲ. ಸರ್ಜನ್ ಕನ್ಸೋಲ್ ಮುಂದೆ ಕೂತು ಕೈ ಆಡಿಸಿದ ಹಾಗೆ ಯಂತ್ರದ ತೋಳುಗಳು ಆಡುತ್ತವೆ. ಕಂಕುಳ ಹತ್ತಿರ ಕೆಲವು ಸೆಂಟಿಮೀಟರ್ ಸೀಳಿ, ಒಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಜಾಗ ಮಾಡ್ಕೊಂಡು, ಚರ್ಮ ಮತ್ತು ಮೊಲೆತೊಟ್ಟು ಉಳಿಸಿ ಒಳಗಿನ ಗ್ರಂಥಿ ತೆಗೀತಾರೆ. ಇಂಪ್ಲಾಂಟನ್ನೂ ಅಲ್ಲಿಂದಲೇ ಇಡ್ತಾರೆ. ಎದೆಯ ಮುಂಭಾಗದಲ್ಲಿ ಗಾಯದ ಕಲೆ ಇರೋದಿಲ್ಲ.

ಕನ್ನಡಿ ಮುಂದೆ ನಿಲ್ಲೋ ಹೆಣ್ಣುಮಗಳಿಗೆ ಇದು ಸಣ್ಣ ಲಾಭ ಅಲ್ಲ. ಇಟಲಿಯ ಮಿಲಾನ್‌ನಲ್ಲಿ 80 ಮಹಿಳೆಯರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಬೋಟಿಕ್ ಸರ್ಜರಿ ಆದವರಿಗೆ ತಮ್ಮ ದೇಹದ ಬಗ್ಗೆ ಹೆಚ್ಚು ಸಮಾಧಾನ ಇತ್ತು. ತೊಂದರೆಗಳು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ಸಮಯ ಮಾತ್ರ 78 ನಿಮಿಷ ಜಾಸ್ತಿ ಹಿಡೀತು.

ಆದ್ರೆ ಕ್ಯಾನ್ಸರ್ ಮರುಕಳಿಸುತ್ತಾ ಅನ್ನೋದಕ್ಕೆ ಉತ್ತರ ಕೊಡೋಕೆ 80 ಜನ ಸಾಲದು. ಕ್ಯಾನ್ಸರ್ ತಡೆಗಟ್ಟೋದರಲ್ಲಿ, ಗುಣಪಡಿಸೋದರಲ್ಲಿ ಇದರ ಸುರಕ್ಷತೆ, ಪರಿಣಾಮ ಇನ್ನೂ ಸಾಬೀತಾಗಿಲ್ಲ ಅಂತ ಅಮೆರಿಕದ ಎಫ್‌ಡಿಎ 2019ರಲ್ಲೇ ಎಚ್ಚರಿಸಿತ್ತು. ಹಾಗಾಗಿ ನಾನು ಹೇಳೋದಿಷ್ಟೇ: ರೋಬೋಟ್ ಬದಲಿಸೋದು ಕಲೆ ಇರೋ ಜಾಗವನ್ನ. ಕ್ಯಾನ್ಸರನ್ನ ಹೆಚ್ಚು ಚೆನ್ನಾಗಿ ಗುಣಪಡಿಸುತ್ತೆ ಅಂತ ತಿಳ್ಕೋಬೇಡಿ.

ಡಾಕ್ಟರ್ ಹತ್ರ ಮೊದಲು ಕೇಳಬೇಕಾದ್ದು, ‘ಸ್ತನ ಪೂರ್ತಿ ತೆಗೀಲೇಬೇಕಾ?’ ಆರಂಭದ ಹಂತದಲ್ಲಿ ಎಷ್ಟೋ ಜನರಿಗೆ ಗಂಟು ಮಾತ್ರ ತೆಗೆದು ರೇಡಿಯೇಶನ್ ಕೊಟ್ರೂ ಬದುಕುಳಿಯೋ ಸಾಧ್ಯತೆ ಅಷ್ಟೇ ಇರುತ್ತೆ. ಇದನ್ನ 2002ರಲ್ಲಿ ಬಂದ 20 ವರ್ಷಗಳ ಅಧ್ಯಯನಗಳು ತೋರಿಸಿವೆ. ಆಮೇಲೆ ಕೇಳಿ: ‘ನನ್ನ ಗಡ್ಡೆ ತೊಟ್ಟಿನಿಂದ ಎಷ್ಟು ದೂರ ಇದೆ? ತೊಟ್ಟಿನ ಸ್ಪರ್ಶ ಉಳಿಯುತ್ತಾ? ನೀವು ಇಂಥ ಸರ್ಜರಿ ಎಷ್ಟು ಮಾಡಿದ್ದೀರಿ?’ ತೊಟ್ಟು ಉಳಿದರೂ ಸ್ಪರ್ಶ ಬಹಳಷ್ಟು ಹೋಗಬಹುದು.

ಕೊನೇದಾಗಿ ಇನ್ಶೂರೆನ್ಸ್. ಐಆರ್‌ಡಿಎಐನ 2019ರ ನಿಯಮದಲ್ಲಿ ರೋಬೋಟಿಕ್ ಸರ್ಜರಿ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿತ್ತು, ಆದರೂ ಪಾಲಿಸಿಯಲ್ಲಿ ಅದಕ್ಕೆ ಬೇರೆ ಮಿತಿ ಇರಬಹುದು. ಅಡ್ಮಿಟ್ ಆಗೋ ಮುಂಚೆ ಆ ಮೊತ್ತ ಎಷ್ಟು ಅಂತ ಈಮೇಲ್‌ನಲ್ಲೇ ಬರೆಸಿಕೊಳ್ಳಿ.

ಊರಿಂದ ದೂರ ಇರೋ ಅಕ್ಕ, ಅಮ್ಮನಿಗೂ ಇದನ್ನ ತಿಳಿಸಿ. ಮತ್ತೆ ಸಿಗೋಣ.