ಜಮಖಂಡಿಯ ಮೋಡದ ಸಂದಿನಿಂದ ಆದಿತ್ಯನ ಕಾವಲಿಗೆ

1868ರ ಆಗಸ್ಟ್ 18ರ ಬೆಳಿಗ್ಗೆ, ಆಗ ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಯ ಮೇಲೆ ಮಳೆಗಾಲದ ಮೋಡ ಕವಿದಿತ್ತು. ಮೋಡದ ಆಚೆ ಚಂದ್ರ ಸೂರ್ಯನನ್ನು ಪೂರ್ತಿ ಮರೆಮಾಡುವುದರಲ್ಲಿದ್ದ. ಖಗ್ರಾಸ ಗ್ರಹಣದ ನೆರಳು ವಿಜಯಪುರ, ಜಮಖಂಡಿಗಳ ಮೇಲೆ ಹಾದು ಗುಂಟೂರು, ಮಚಲಿಪಟ್ಟಣಗಳತ್ತ ಸಾಗುವುದು ಮೊದಲೇ ಲೆಕ್ಕಕ್ಕೆ ಸಿಕ್ಕಿದ್ದರಿಂದ ಲಂಡನ್ನಿನ ರಾಯಲ್ ಸೊಸೈಟಿ ಒಂದು ರೋಹಿತದರ್ಶಕವನ್ನು ಇಲ್ಲಿಗೆ ಕಳಿಸಿಕೊಟ್ಟಿತ್ತು. ಅದರ ಹಿಂದೆ ಕಣ್ಣಿಟ್ಟು ಕಾದಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಭಾರತದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಯಲ್ಲಿ ದುಡಿಯುತ್ತಿದ್ದ ಎಂಜಿನಿಯರ್ ಅವನು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್ ಅವನ ಅಜ್ಜ. ಆಕಾಶ ನೋಡುವುದು ಆ ಮನೆತನದ ಮೂರನೇ ತಲೆಮಾರಿಗೂ ಇಳಿದು ಬಂದಿತ್ತು. ಗ್ರಹಣ ಹಿಡಿದ ಆ ಕೆಲವೇ ನಿಮಿಷಗಳಲ್ಲಿ ಮೋಡ ಸರಿದು ಸಂದು ಬಿಟ್ಟಾಗ, ಸೂರ್ಯನ ಅಂಚಿನಿಂದ ಮೇಲೆದ್ದಿದ್ದ ಕೆಂಪು ಚಾಚಿಕೆಯೊಂದರ ಬೆಳಕನ್ನು ಅವನು ರೋಹಿತದರ್ಶಕದೊಳಗೆ ಹಿಡಿದ. ಕಂಡದ್ದು ಕಾಮನಬಿಲ್ಲಿನ ಹಾಗೆ ಹರಡಿದ ಬಣ್ಣಗಳಲ್ಲ, ಕೆಂಪು, ಕಿತ್ತಳೆ, ನೀಲಿಯ ಮೂರು ಪ್ರಖರ ಗೆರೆಗಳು ಮಾತ್ರ.

ಆ ಮೂರು ಗೆರೆಗಳ ಬೆಲೆ ದೊಡ್ಡದು. ಗಟ್ಟಿ ವಸ್ತು ಕಾದು ಬೆಳಗಿದರೆ ಬಣ್ಣಗಳು ಒಂದಕ್ಕೊಂದು ಕೂಡಿಕೊಂಡೇ ಬರುತ್ತವೆ. ಬಿಡಿಬಿಡಿ ಗೆರೆಗಳು ಬರುವುದು ಕಾದ ವಿರಳ ಅನಿಲದಿಂದ. ಹಾಗಾಗಿ ಗ್ರಹಣಗಳಲ್ಲಿ ಕಾಣುತ್ತಿದ್ದ ಕೆಂಪು ಚಾಚಿಕೆಗಳು ಸೂರ್ಯನಿಂದ ಎದ್ದ ಕಾದ ಅನಿಲ ಎಂಬುದು ಆ ದಿನ ನಿಶ್ಚಯವಾಯಿತು. ಅದೇ ಗ್ರಹಣವನ್ನು ಗುಂಟೂರಿನಲ್ಲಿ ನೋಡಿದ ಬ್ರಿಟಿಷ್ ಅಧಿಕಾರಿ ಟೆನೆಂಟ್ ತೆಗೆದ ಛಾಯಾಚಿತ್ರಗಳಲ್ಲಿ ಅಂಥದೇ ಒಂದು ಚಾಚಿಕೆ ಕೊಂಬಿನಂತೆ ಲಕ್ಷ ಕಿಲೋಮೀಟರಿಗೂ ಎತ್ತರಕ್ಕೆ ನಿಂತಿದೆ. ಕಿತ್ತಳೆ ಗೆರೆಯನ್ನು ಹಲವರು ಸೋಡಿಯಂನದೆಂದು ಬಗೆದರು. ಅದು ಭೂಮಿಯ ಮೇಲೆ ಆವರೆಗೆ ಯಾರೂ ಕಾಣದಿದ್ದ ಹೀಲಿಯಂನದು ಎಂಬುದು ಆಮೇಲೆ ತಿಳಿಯಿತು. ಗುಂಟೂರಿನಲ್ಲೇ ಇದ್ದ ಫ್ರಾನ್ಸಿನ ಜಾನ್ಸೆನ್ ಗ್ರಹಣ ಬಿಟ್ಟ ಮರುದಿನ, ತುಂಬು ಬಿಸಿಲಿನಲ್ಲೇ ಆ ಗೆರೆಗಳನ್ನು ಮತ್ತೆ ಕಂಡ. ಅದರಿಂದಾಗಿ ಚರಿತ್ರೆಯಲ್ಲಿ ಗುಂಟೂರಿನ ಹೆಸರು ಗಟ್ಟಿಯಾಗಿ ನಿಂತಿತು, ಜಮಖಂಡಿ ಅಡಿಟಿಪ್ಪಣಿಗೆ ಸರಿಯಿತು. ಇಷ್ಟಾದರೂ ಸೂರ್ಯನ ಸ್ಫೋಟಗಳನ್ನು ಭೌತವಿಜ್ಞಾನದ ಕಣ್ಣಿನಿಂದ ಮೊದಲು ನೋಡಿದ ಬೆರಳೆಣಿಕೆಯ ಸ್ಥಳಗಳಲ್ಲಿ ಒಂದು ಇಂದಿನ ಬಾಗಲಕೋಟೆ ಜಿಲ್ಲೆಯಲ್ಲಿದೆ ಎಂಬುದನ್ನು ಯಾರೂ ಅಳಿಸಲಾರರು.

ನೆರಳಿನ ದಾರಿ ಆಕಸ್ಮಿಕ, ಜಮಖಂಡಿಯವರು ಅದಕ್ಕಾಗಿ ಮಾಡಿದ್ದೇನು, ಬಂದು ನೋಡಿ ಹೋದವರು ಬ್ರಿಟಿಷ್ ಅಧಿಕಾರಿಗಳಲ್ಲವೇ ಎಂದು ಕೇಳಬಹುದು. ನೆರಳು ಆಕಸ್ಮಿಕವೇ, ನಿಜ. ಆದರೆ ನೆರಳನ್ನು ದಾಖಲಿಸುವ ಬುದ್ಧಿ ಈ ಸೀಮೆಗೆ ಹೊಸದಲ್ಲ. ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿನಲ್ಲಿ ಜ್ಞಾನಶಿವಾಚಾರ್ಯರು ನಿಲ್ಲಿಸಿದ ತ್ರಿಶೂಲಸ್ತಂಭದ ಶಾಸನವಿದೆ. ಎರಡನೆಯ ಕೀರ್ತಿವರ್ಮನ ಕಾಲದ ಅದರಲ್ಲಿ ಉಲ್ಲೇಖವಾದ ಸೂರ್ಯಗ್ರಹಣವನ್ನು ವಿದ್ವಾಂಸರು ಕ್ರಿ.ಶ. 754ರ ಜೂನ್ 25ಕ್ಕೆ ಗುರುತಿಸಿದ್ದಾರೆ. ಕಲ್ಲಿಗೆ ಇಳಿಸಿದವರ ಉದ್ದೇಶ ದಾನವನ್ನು ಪುಣ್ಯಕಾಲಕ್ಕೆ ಕಟ್ಟಿಡುವುದಾಗಿತ್ತು, ವಿಜ್ಞಾನವಲ್ಲ. ಹಾಗಿದ್ದೂ ದಿನ ಹೇಳಿ ಬರೆದಿಟ್ಟ ಗ್ರಹಣ ನೂರಾರು ವರ್ಷಗಳ ಬಳಿಕ ಖಗೋಳದ ಸಾಕ್ಷ್ಯವಾಗುತ್ತದೆ. ಬಿ. ಎಸ್. ಶೈಲಜಾ ಅವರಂಥ ಖಗೋಳಜ್ಞರು ಶಾಸನಗಳನ್ನು ಓದುತ್ತಿರುವುದು ಅದಕ್ಕೇ.

ಹರ್ಷೆಲ್ ಕಂಡದ್ದು ಎಷ್ಟು ಮುಖ್ಯವೋ, ಕಾಣಲಾಗದೆ ಹೋದದ್ದೂ ಅಷ್ಟೇ ಮುಖ್ಯ. ವರ್ಷಗಟ್ಟಲೆ ಕಾದು, ಸಾಗರ ದಾಟಿಸಿ ಯಂತ್ರ ತರಿಸಿ, ಸಿಕ್ಕದ್ದು ಕೆಲವು ನಿಮಿಷ; ಅದರಲ್ಲೂ ಬಹುಪಾಲನ್ನು ಮೋಡ ನುಂಗಿತು. ಚಾಚಿಕೆ ಹೇಗೆ ಎದ್ದಿತು, ಆಮೇಲೆ ಬಿದ್ದಿತೋ ಹಾರಿಹೋಯಿತೋ ಎಂಬುದು ಆ ನಿಮಿಷಗಳಲ್ಲಿ ಗೊತ್ತಾಗುವಂಥದಲ್ಲ. ಹಾರಿಹೋದದ್ದೇ ನಮಗೆ ಬೇಕಾದ ಸಂಗತಿ. ಸೂರ್ಯನ ಸುತ್ತಲಿನ ಪ್ರಭಾಮಂಡಲ, ಅಂದರೆ ಕೊರೋನಾ, ಹತ್ತು ಲಕ್ಷ ಡಿಗ್ರಿಗೂ ಮೀರಿ ಕಾದಿದೆ. ಅಲ್ಲಿಂದ ವಿದ್ಯುತ್ಕಣಗಳು ಸೆಕೆಂಡಿಗೆ ಸುಮಾರು 300ರಿಂದ 800 ಕಿಲೋಮೀಟರ್ ವೇಗದಲ್ಲಿ ಬೀಸುತ್ತಲೇ ಇರುತ್ತವೆ. 1958ರಲ್ಲಿ ಯೂಜಿನ್ ಪಾರ್ಕರ್ ಲೆಕ್ಕ ಹಾಕಿ ಹೇಳಿದ ಸೌರ ಮಾರುತ ಇದೇ. ಒಮ್ಮೊಮ್ಮೆ ಕೊರೋನಾದ ಒಂದು ಭಾಗವೇ ಕಿತ್ತುಕೊಂಡು ಕೋಟಿಗಟ್ಟಲೆ ಟನ್ ಪ್ಲಾಸ್ಮಾ ತನ್ನ ಕಾಂತಕ್ಷೇತ್ರದೊಂದಿಗೆ ಹೊರಡುತ್ತದೆ. ಅದು ಭೂಮಿಯತ್ತ ಮುಖ ಮಾಡಿದ್ದರೆ ಒಂದರಿಂದ ಮೂರು ದಿನದೊಳಗೆ ಇಲ್ಲಿಗೆ ತಲುಪಿ ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯ ಸುಮಾರು ಒಂಬತ್ತು ಗಂಟೆ ಕತ್ತಲೆಯಲ್ಲಿ ಕೂತದ್ದು ಇಂಥದರಿಂದ.

ಅದು ಧ್ರುವದ ಹತ್ತಿರದವರ ಕಷ್ಟ, ಇಳಕಲ್ಲಿಗೂ ಹುನಗುಂದಕ್ಕೂ ಏನು ಸಂಬಂಧ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ವಿದ್ಯುತ್ ಜಾಲಕ್ಕೆ ಅಪಾಯ ಉತ್ತರದ ದೇಶಗಳಲ್ಲೇ ಹೆಚ್ಚು, ಒಪ್ಪಬೇಕಾದ ಮಾತು. ಆದರೆ 1859ರ ಸೆಪ್ಟೆಂಬರಿನ ಮಹಾ ಕಾಂತೀಯ ಬಿರುಗಾಳಿಯ ಬಹು ಮುಖ್ಯ ದಾಖಲೆ ಉಳಿದಿರುವುದು ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ. ಅಲ್ಲಿ ಕಾಂತಕ್ಷೇತ್ರ ಸುಮಾರು 1600 ನ್ಯಾನೋಟೆಸ್ಲಾದಷ್ಟು ಕುಸಿದಿತ್ತು. ಮೇಲಾಗಿ ಮೇಲ್ವಾತಾವರಣದ ವಿದ್ಯುತ್ಕಣಗಳ ಪದರ, ಅಂದರೆ ಅಯಾನುಗೋಳ, ಕೊಡುವ ಕಾಟ ನಮ್ಮ ಅಕ್ಷಾಂಶಗಳಲ್ಲೇ ಜಾಸ್ತಿ. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಮೇಲೆ ಹಾಯುವುದರಿಂದ ಸೂರ್ಯಾಸ್ತದ ನಂತರ ಇಲ್ಲಿನ ಮೇಲ್ವಾತಾವರಣ ಕದಡಿ, ಉಪಗ್ರಹಗಳ ಸಂಕೇತ ಮಿನುಗಿ ಮಂಕಾಗುತ್ತದೆ. ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಮೊಬೈಲಿನಿಂದ ಹಣ ಹೋಗುವಾಗ ಟವರುಗಳು ಗಡಿಯಾರ ಹೊಂದಿಸಿಕೊಳ್ಳುವುದು ಹೆಚ್ಚಾಗಿ ಅಂಥ ಉಪಗ್ರಹಗಳಿಂದಲೇ. ಮಲಪ್ರಭೆ, ಘಟಪ್ರಭೆಗೆ ನೆರೆ ಬರುವ ಮುನ್ಸೂಚನೆಗೆ ಬೇಕಾದ ಮೋಡದ ಚಿತ್ರ ಕಳಿಸುವುದೂ ಉಪಗ್ರಹವೇ. ಅದನ್ನು ಹಾಸನದ ನಿಯಂತ್ರಣ ಕೇಂದ್ರ ಕಾಯುತ್ತದೆ. ಬರವೂ ನೆರೆಯೂ ಇರುವ ನಾಡಿಗೆ ಸೂರ್ಯನ ಚಿಂತೆ ಏಕೆ ಎನ್ನುವವರಿಗೆ ಇದೇ ಉತ್ತರ.

ಕಾಯುವ ಕೆಲಸ ಕರ್ನಾಟಕದಲ್ಲೇ ನಡೆದಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಗೌರಿಬಿದನೂರಿನ ಬಯಲಿನಲ್ಲಿ ಆಂಟೆನಾಗಳ ಸಾಲು ನೆಟ್ಟು ಸೂರ್ಯಸ್ಫೋಟಗಳ ರೇಡಿಯೋ ಅಲೆಗಳನ್ನು ಹಿಡಿಯುತ್ತದೆ. ಅದೇ ಸಂಸ್ಥೆ ಹೊಸಕೋಟೆಯ ತನ್ನ ಆವರಣದಲ್ಲಿ ಕಟ್ಟಿದ ವಿಇಎಲ್‌ಸಿ ಎಂಬ ಉಪಕರಣ, 2023ರ ಸೆಪ್ಟೆಂಬರ್ 2ರಂದು ಹಾರಿದ ಇಸ್ರೋದ ಆದಿತ್ಯ-ಎಲ್1 ನೌಕೆಯ ಏಳು ಉಪಕರಣಗಳಲ್ಲಿ ಮುಖ್ಯವಾದದ್ದು. ಅದು ಮಾಡುವುದು ನಿತ್ಯ ಗ್ರಹಣ. ಎದುರು ಬರುವ ಬಸ್ಸಿನ ದೀಪಕ್ಕೆ ಅಂಗೈ ಅಡ್ಡ ಹಿಡಿದು ರಸ್ತೆ ನೋಡಿಕೊಳ್ಳುವಂತೆ, ಸೂರ್ಯಬಿಂಬವನ್ನು ಕಳೆದು ಅಂಚನ್ನಷ್ಟೇ ನೋಡುವುದು. ಇದು ಹೇಳಿದಷ್ಟು ಸುಲಭವಲ್ಲ. ಅಂಚಿನ ಹತ್ತಿರದ ಕೊರೋನಾದ ಬೆಳಕು ಬಿಂಬದ ಬೆಳಕಿನ ಹತ್ತು ಲಕ್ಷದಲ್ಲೊಂದು ಪಾಲು. ಕನ್ನಡಿಯ ಮೇಲೆ ಧೂಳಿನ ಕಣವೊಂದು ಕೂತರೂ ಚದುರಿದ ಬೆಳಕು ಕೊರೋನಾವನ್ನು ಮುಳುಗಿಸುತ್ತದೆ. ಅದಕ್ಕಾಗಿ ಬಿಂಬದ ಬೆಳಕು ಎರಡನೆಯ ಕನ್ನಡಿಯ ನಡುವಿನ ರಂಧ್ರದಿಂದ ಹಾದು ಹೊರಗೆ ಹೋಗುತ್ತದೆ. ಸುತ್ತಲಿನ ಮಂದ ಪ್ರಭೆ ಮಾತ್ರ ಒಳಗೆ ಉಳಿಯುತ್ತದೆ. ಈ ಉಪಕರಣ ಹುಡುಕುವ ಗೆರೆಗಳಲ್ಲಿ ಒಂದು ಹಸಿರು. ಜಮಖಂಡಿಯ ಮರುವರ್ಷ, 1869ರ ಗ್ರಹಣದಲ್ಲಿ ಅಮೆರಿಕದವರು ಕಂಡ ಆ ಗೆರೆಯನ್ನು ಬಹುಕಾಲ ಹೊಸ ಧಾತುವೆಂದೇ ನಂಬಿದ್ದರು. ಹೀಲಿಯಂ ನಿಜವಾಯಿತು, ಇದು ಆಗಲಿಲ್ಲ. ಹದಿಮೂರು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣ ಅದು ಎಂದು 1940ರ ಸುಮಾರಿಗೆ ತಿಳಿಯಿತು. ಕೊರೋನಾ ಎಷ್ಟು ಕಾದಿದೆ ಎಂಬ ಅರಿವು ಬಂದದ್ದು ಆ ಹಸಿರಿನಿಂದಲೇ.

ಆದಿತ್ಯ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿದೆ. ಸೆಕೆಂಡಿಗೆ 400 ಕಿಲೋಮೀಟರ್ ವೇಗದ ಸೌರ ಮಾರುತ ಅದನ್ನು ದಾಟಿ ನಮ್ಮನ್ನು ಮುಟ್ಟಲು ಗಂಟೆಗೆ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಬಿರುಗಾಳಿಯಾದರೆ ಇನ್ನೂ ಕಡಿಮೆ. ಹೆಚ್ಚು ಮುಂಚೆ ಎಚ್ಚರಿಸಬೇಕಾದರೆ ಸ್ಫೋಟವನ್ನು ಹುಟ್ಟುವಲ್ಲೇ ನೋಡಬೇಕು, ಬಿಡದೆ ನೋಡಬೇಕು. ಭಾರತೀಯ ಖಭೌತ ಸಂಸ್ಥೆಯ ಕೊಡೈಕೆನಾಲ್ ವೀಕ್ಷಣಾಲಯ ನೂರು ವರ್ಷಕ್ಕೂ ಮೇಲೆ ಸೂರ್ಯನ ಚಿತ್ರಗಳನ್ನು ಕೂಡಿಸಿಟ್ಟದ್ದರಿಂದ ಒಂದು ಸೌರಚಕ್ರಕ್ಕೂ ಮತ್ತೊಂದಕ್ಕೂ ಇರುವ ವ್ಯತ್ಯಾಸ ಇಂದು ಓದಲು ಸಿಗುತ್ತಿದೆ. ಸೂರ್ಯನ ಚಕ್ರ ಸುಮಾರು 11 ವರ್ಷದ್ದು. ಆದಿತ್ಯಕ್ಕೆ ಗೊತ್ತು ಮಾಡಿದ ಆಯುಷ್ಯ ಐದು ವರ್ಷ, ಒಂದು ಚಕ್ರದ ಅರ್ಧಕ್ಕೂ ಕಡಿಮೆ. ಇನ್ನೊಂದು ಕೊರೋನಾ ಉಪಕರಣ ಹೊಸಕೋಟೆಯಲ್ಲಿ ಈಗಲೇ ಸಿದ್ಧವಾಗತೊಡಗಿದರೆ ಮಾತ್ರ ಈ ಕಾವಲು ತುಂಡಾಗದೆ ಮುಂದುವರಿಯಬಹುದು. ಬಾದಾಮಿ, ಪಟ್ಟದಕಲ್ಲು ನೋಡಲು ಬರುವ ಶಾಲೆಯ ಮಕ್ಕಳಿಗೆ ತ್ರಿಶೂಲಸ್ತಂಭದ ಗ್ರಹಣವನ್ನೂ ಜಮಖಂಡಿಯ ಮೂರು ಗೆರೆಗಳನ್ನೂ ತಿಳಿಸುವ ಒಂದು ಫಲಕಕ್ಕೆ ಅಷ್ಟು ಹಣವೂ ಬೇಡ, ಅಷ್ಟು ಕಾಲವೂ ಬೇಡ. ಭಾರತದ ನೆಲ ಮುಟ್ಟುವ ಮುಂದಿನ ಖಗ್ರಾಸ ಸೂರ್ಯಗ್ರಹಣ 2034ರ ಮಾರ್ಚ್ 20ರದು. ಅದರ ನೆರಳು ಉತ್ತರದ ತುದಿಯಲ್ಲಿ ಹಾದುಹೋಗುತ್ತದೆ, ಕೃಷ್ಣೆಯ ಈ ದಂಡೆಗೆ ಬರುವುದಿಲ್ಲ.