ಪ್ರಶ್ನೆಯನ್ನೇ ಬದಲಿಸಿದ ಮೇಷ್ಟ್ರು

ಕಿವುಡ ಮಕ್ಕಳಿಗೆ ಮಾತು ಕಲಿಸಬೇಕೋ, ಸನ್ನೆಭಾಷೆಯಲ್ಲೇ ಪಾಠ ಹೇಳಬೇಕೋ? ಜಗಳ ಹಳೆಯದು. 1880ರಲ್ಲಿ ಮಿಲಾನ್‌ನಲ್ಲಿ ಸೇರಿದ ಕಿವುಡರ ಶಿಕ್ಷಕರ ಸಮ್ಮೇಳನ ಮಾತಿನ ಪರ ನಿಂತು ಸನ್ನೆಯನ್ನು ತರಗತಿಯಿಂದ ಆಚೆಗಟ್ಟಿತು. 1960ರಲ್ಲಿ ಭಾಷಾತಜ್ಞ ವಿಲಿಯಂ ಸ್ಟೋಕೋ ಅಮೆರಿಕದ ಸನ್ನೆಭಾಷೆಗೂ ತನ್ನದೇ ರಚನೆಯಿದೆ ಎಂದು ತೋರಿಸಿದ ಮೇಲೆ ಸನ್ನೆಗೆ ನಿಧಾನವಾಗಿ ಮರ್ಯಾದೆ ಮರಳಿತು. ಆದರೆ ಯಾವ ಭಾಷೆ ಎಂದು ಕಚ್ಚಾಡುವ ಮೊದಲು ಈ ಮಕ್ಕಳು ಕಲಿಯುವ ಬಗೆ ಎಂಥದ್ದು ಎಂದು ನೋಡಬೇಕು ಎಂಬುದು ಮನಶ್ಶಾಸ್ತ್ರಜ್ಞ ಮಾರ್ಕ್ ಮಾರ್ಶಾರ್ಕ್ ಅವರ ಪಟ್ಟು.

ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಗ್ರೀನ್ಸ್‌ಬರೊ ಕ್ಯಾಂಪಸ್ಸಿನಲ್ಲಿ ಪಾಠ ಹೇಳುತ್ತಿದ್ದ ಮಾರ್ಶಾರ್ಕ್, 1993ರಲ್ಲಿ ಕಿವುಡ ಮಕ್ಕಳ ಮನೋವಿಕಾಸದ ಬಗ್ಗೆ ಪುಸ್ತಕ ತಂದರು. ಮುಂದೆ ಅವರು ನೆಲೆನಿಂತದ್ದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ, ಕಿವುಡರ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಲ್ಲಿ. 1965ರ ಕಾಯ್ದೆಯಿಂದ ಹುಟ್ಟಿದ ಈ ಸಂಸ್ಥೆ ದೊಡ್ಡ ತಾಂತ್ರಿಕ ವಿಶ್ವವಿದ್ಯಾಲಯವೊಂದರ ಒಳಗೇ ಇದೆ. ಕೇಳುವವರೂ ಕೇಳದವರೂ ಒಟ್ಟಿಗೆ ಓದುವ ಜಾಗ. ಸಂಶೋಧಕನಿಗೆ ಇದಕ್ಕಿಂತ ಇನ್ನೇನು ಬೇಕು? 1996ರಲ್ಲಿ ಕಿವುಡರ ಶಿಕ್ಷಣಕ್ಕೆಂದೇ ಸಂಶೋಧನಾ ಪತ್ರಿಕೆ ಶುರುಮಾಡಿದ ಅವರು, ಮರುವರ್ಷ ತಂದೆತಾಯಿಗಳಿಗಾಗಿಯೂ ಒಂದು ಪುಸ್ತಕ ಬರೆದರು.

ಅವರ ತಂಡದ ಪ್ರಯೋಗಗಳು ಸರಳ. ಪಾಠಕ್ಕೆ ಮೊದಲು ವಿಷಯ ಎಷ್ಟು ಗೊತ್ತು ಎಂದು ಒಂದು ಪರೀಕ್ಷೆ, ಪಾಠ ಮುಗಿದ ಮೇಲೆ ಇನ್ನೊಂದು. ಪಾಠವನ್ನು ಸನ್ನೆಗೆ ತಿರುಗಿಸುವ ನುರಿತ ದುಭಾಷಿ ಎದುರಿಗಿದ್ದರೂ ಕಿವುಡ ವಿದ್ಯಾರ್ಥಿಗಳಿಗೆ ಕೇಳುವವರಿಗಿಂತ ಕಡಿಮೆ ಅಂಕವೇ ಬರುತ್ತಿತ್ತು. ಸರಿಯಾಗಿ ಓದಲು ಬಾರದಿರುವುದೇ ಇದಕ್ಕೆ ಕಾರಣವೆನ್ನಲು ಪುರಾವೆ ಸಿಗಲಿಲ್ಲ: ಅದೇ ವಿಷಯವನ್ನು ಓದಿ ತಿಳಿದಷ್ಟನ್ನೇ ಅವರು ಸನ್ನೆಯಿಂದಲೂ ತಿಳಿಯುತ್ತಿದ್ದರು. ಕಿವುಡರು ಕಣ್ಣಿನಿಂದಲೇ ಚೆನ್ನಾಗಿ ಕಲಿಯುತ್ತಾರೆ ಎಂಬ ಜನಪ್ರಿಯ ನಂಬಿಕೆಯೂ 2013ರ ಅಧ್ಯಯನದ ಮುಂದೆ ನಿಲ್ಲಲಿಲ್ಲ.

ಅಂತರ ಮುಚ್ಚಿದ್ದು ಎಲ್ಲಿ? 2008ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಕಿವುಡರಿಗೆ ಪಾಠ ಹೇಳಿ ಪಳಗಿದ ಅಧ್ಯಾಪಕರು ನಿಂತಾಗ. ಬರುವಾಗ ಗೊತ್ತಿದ್ದದ್ದು ಕಡಿಮೆಯಾದರೂ, ಕಲಿತದ್ದರಲ್ಲಿ ಈ ವಿದ್ಯಾರ್ಥಿಗಳು ಕೇಳುವವರಿಗೆ ಸಮನಾದರು. ಅಧ್ಯಾಪಕರು ಸ್ವತಃ ಸನ್ನೆ ಮಾಡಿದರೋ, ದುಭಾಷಿ ಮೂಲಕ ಹೇಳಿಸಿದರೋ ಎಂಬುದರಿಂದ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ಉದಾಹರಣೆಗೆ, ಹಲಗೆಯ ಚಿತ್ರ ನೋಡುವ ಕಣ್ಣಿಗೆ ಅದೇ ಕ್ಷಣ ದುಭಾಷಿಯ ಕೈ ಕಾಣದು. ಪಳಗಿದ ಮೇಷ್ಟ್ರಿಗೆ ಅದು ಗೊತ್ತು. ಚಿತ್ರ ತೋರಿಸಿ, ಸುಮ್ಮನಿದ್ದು, ಕಣ್ಣುಗಳು ಮರಳಿದ ಮೇಲೆಯೇ ವಿವರಿಸುತ್ತಾರೆ.

ಕಿವುಡ ಮಗು ಎಂದರೆ ಕಿವಿಯೊಂದು ಕೇಳಿಸದ, ಉಳಿದಂತೆ ಎಲ್ಲರ ಹಾಗೇ ಇರುವ ಮಗು ಎಂದು ಬಗೆಯುವುದೇ ತಪ್ಪು ಎಂಬುದು ಮಾರ್ಶಾರ್ಕ್ ಅವರ ದಶಕಗಳ ಕೆಲಸದ ಸಾರ. ದುಭಾಷಿಯನ್ನು ಕೂರಿಸಿ ಕೈತೊಳೆದುಕೊಳ್ಳುವ ಶಾಲೆಗಳು ಮೊದಲು ತಮ್ಮ ಅಧ್ಯಾಪಕರನ್ನು ತಯಾರು ಮಾಡಬೇಕು.